ಪಟ್ಟೆ ಮಾಸಿದ ಮೀನು

ಮೀನುಪೇಟೆಯಲ್ಲಿ ಅವಳ ನಿಜವಾದ ಹೆಸರು ಯಾರಿಗೂ ಬೇಕಿರಲಿಲ್ಲ. ಕತ್ತರಿಯಕ್ಕ ಎಂದರೆ ಸಾಕು, ಮಂಜುಗಡ್ಡೆ ಒಡೆಯುವವನಿಂದ ಹಿಡಿದು ತಕ್ಕಡಿ ರಿಪೇರಿಯವನವರೆಗೆ ಎಲ್ಲರಿಗೂ ಗೊತ್ತಾಗುತ್ತಿತ್ತು. ವಾರಕ್ಕೊಂದು ಬೆಳಗ್ಗೆ ಅವಳು ರಬ್ಬರ್ ಬೂಟು ಮೆಟ್ಟಿಕೊಂಡು, ಹೆಗಲಿಗೆ ಚೀಲ ಏರಿಸಿ, ಅಂಗಡಿಯಿಂದ ಅಂಗಡಿಗೆ ಹೋಗುತ್ತಿದ್ದಳು. ಮೀನು ಕೊಳ್ಳುವುದಕ್ಕಲ್ಲ, ಬಾಲದ ತುದಿಯಿಂದ ಉಗುರಿನಷ್ಟು ಚೂರು ಕೇಳುವುದಕ್ಕೆ.

"ಮೀನು ಬೇಡ, ಬಾಲ ಸಾಕು ಅನ್ನೋ ಗಿರಾಕಿನ ನಾನು ಹುಟ್ಟಿದಾಗಿಂದ ನೋಡಿಲ್ಲ," ಎಂದು ಮೊದಮೊದಲು ಅವರು ನಗುತ್ತಿದ್ದರು. "ಮನೇಲಿರೋ ಬೆಕ್ಕಿಗಾ ಅಕ್ಕಾ?"

"ಬೆಕ್ಕಿಗಲ್ಲ ಅಣ್ಣಾ, ಕಂಪ್ಯೂಟರಿಗೆ."

"ಅದೂ ಮೀನು ತಿನ್ನೋಕೆ ಶುರು ಮಾಡ್ತಾ? ಕೆಟ್ಟೋಯ್ತು ಬಿಡಿ ಕಾಲ!"

ಅವಳ ಕೈಯಲ್ಲಿದ್ದದ್ದು ಅಪ್ಪನ ಕತ್ತರಿ. ಅಪ್ಪ ದರ್ಜಿ. ಕಾಜಾ ಕತ್ತರಿಸುವ ಆ ಪುಟ್ಟ ಕತ್ತರಿಯನ್ನು ಅವಳು ಕೆಲಸಕ್ಕೆ ಸೇರಿದ ದಿನ ಕೊಟ್ಟಿದ್ದರು. ಒಂದು ಬಾಲ ಕತ್ತರಿಸಿದ ಮೇಲೆ ಅದನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಚೀಲದಲ್ಲಿದ್ದ ಲೈಟರಿನ ಬೆಂಕಿಗೆ ಹಿಡಿದು, ಆರಿದ ಮೇಲಷ್ಟೇ ಇನ್ನೊಂದು ಬಾಲ ಮುಟ್ಟುತ್ತಿದ್ದಳು. ಯಾಕಿಷ್ಟು ಮಡಿ ಎಂದು ಯಾರಾದರೂ ಕೇಳಿದರೆ, "ಒಬ್ಬರ ಎಂಜಲು ಇನ್ನೊಬ್ಬರಿಗೆ ತಾಗಿದ್ರೆ ಮೀನುಗಳ ಮನೆತನವೇ ಅದಲುಬದಲಾಗಿ ಹೋಗುತ್ತೆ," ಎನ್ನುತ್ತಿದ್ದಳು.

ಹೇಳಿದ್ದು ತಮಾಷೆಗಾದರೂ ವಿಷಯ ನಿಜ. ಹಳೆಯ ಐಸ್ ಕಾರ್ಖಾನೆಯ ಮೇಲಂತಸ್ತಿನಲ್ಲಿ ಅವಳು ಕೆಲಸ ಮಾಡುವ ಲ್ಯಾಬ್ ಇತ್ತು. ಮೀನು ಯಾವ ಜಾತಿಯದೆಂದು ಅದರ ಡಿಎನ್ಎಯಿಂದ ಗುರುತಿಸುವುದು ಅಲ್ಲಿಯ ಕೆಲಸ. ತಲೆ, ಬಾಲ, ಚರ್ಮ ಎಲ್ಲ ಹೋಗಿ ಬರೀ ಬಿಳಿ ತುಂಡಾಗಿ ಬಂದ ಮೀನಿಗೂ ಒಳಗೆ ಒಂದು ಬರಹ ಉಳಿದಿರುತ್ತದೆ. ನಾಲ್ಕೇ ಅಕ್ಷರ, ಹಿಂದೆ ಮುಂದೆ ಆಗಿ ಆರುನೂರಕ್ಕೂ ಹೆಚ್ಚು ಸಲ ಬರೆದಂಥ ಒಂದು ಸಾಲು. ಅಂಗಡಿಯ ಸಾಮಾನಿನ ಮೇಲಿನ ಕಪ್ಪು ಗೆರೆಗಳಿದ್ದ ಹಾಗೆ. ಅಕ್ಕಿಕಾಳಿನಷ್ಟು ಮಾಂಸದಿಂದ ಆ ಸಾಲನ್ನು ತೆಗೆದು, ಪ್ರತಿ ಮಾಡಿ, ಓದಿಸಲು ದೊಡ್ಡ ಲ್ಯಾಬಿಗೆ ಕಳಿಸಿದರೆ ಅಕ್ಷರಗಳು ಕಂಪ್ಯೂಟರಿಗೆ ಬಂದು ಬೀಳುತ್ತವೆ. ಆಮೇಲೆ ಲೋಕದ ಎಲ್ಲ ಲ್ಯಾಬುಗಳು ಸೇರಿ ಕೂಡಿಟ್ಟ ಭಂಡಾರದಲ್ಲಿ ಅದರ ಜೋಡಿ ಹುಡುಕಬೇಕು. ಜೋಡಿ ಸಿಕ್ಕಿತೋ, ಅದಕ್ಕೆ ಅಂಟಿಸಿದ ಹೆಸರೇ ಈ ಮೀನಿನ ಹೆಸರು.

ಲೋಕದ ಭಂಡಾರ ಒಂದಿದ್ದರೂ ಊರಿನ ಮೀನಿಗೆ ಊರಿನದೇ ಗೂಡೊಂದು ಇರಲಿ ಎಂದು ಲ್ಯಾಬಿನ ಮೇಡಂ ಆಸೆಪಟ್ಟಿದ್ದರು. ಅದಕ್ಕೇ ಈ ಬಾಲ ತಿರುಪೆ. ಪೇಟೆಯ ಎಲ್ಲ ಮೀನುಗಳ ಬಾಲಗಳು ಪುಟ್ಟ ಸೀಸೆಗಳಲ್ಲಿ ಮುಳುಗಿ, ಓದಿಸುವ ಸರದಿ ಕಾಯುತ್ತ ಫ್ರೀಜರಿನಲ್ಲಿ ಸಾಲಾಗಿ ನಿಂತಿದ್ದವು. ಒಂದು ಮೀನಿನ ಜಾಗ ಮಾತ್ರ ಖಾಲಿ. ಕೆಂಪುಮೀನಿನದು.

ಯಾಕೆಂದರೆ ಪೇಟೆಯಲ್ಲಿ ಕೆಂಪುಮೀನು ಮಾರುತ್ತಿದ್ದವರು ಒಬ್ಬರೇ, ಅವರು ಕತ್ತರಿಯಕ್ಕನ ಅತ್ತೆ.

"ಊರಿಗೆಲ್ಲಾ ಕತ್ತರಿ ಹಾಕು, ನನ್ನ ಮೀನಿನ ತಂಟೆಗೆ ಮಾತ್ರ ಬರಬೇಡ," ಎಂದು ಅತ್ತೆ ಮೊದಲ ವಾರವೇ ಹೇಳಿಬಿಟ್ಟಿದ್ದರು. "ತುದಿ ಮುರಿದ ಬಾಲ ನೋಡಿದ್ರೆ ಗಿರಾಕಿ ಏನಂದ್ಕೋತಾರೆ? ಇಲಿ ಕಚ್ಚಿದೆ ಅಂತಾರೆ."

"ಒಂದೇ ಒಂದು ಚೂರು, ಅತ್ತೆ."

"ಕಿವಿ ತುದಿ ಒಂದೇ ಒಂದು ಚೂರು ಕೊಡು ಅಂದ್ರೆ ನೀನು ಕೊಡ್ತೀಯೇನೇ?"

ಆ ಮಾತು ಅಲ್ಲಿಗೆ ಮುಗಿದಿತ್ತು. ಅತ್ತೆಯ ಅಂಗಡಿ ಮುಂದಿನ ಸಾಲಿನ ಮೂಲೆಯಲ್ಲಿ, ಬೆಳಗಿನ ಬಿಸಿಲು ಮೊದಲು ಬೀಳುವ ಕಡೆ. ಕಲ್ಲಿನ ಮೇಲೆ ಮಂಜಿನ ಹಾಸಿಗೆ, ಅದರ ಮೇಲೆ ತೊಡೆಯುದ್ದದ ಕೆಂಪುಮೀನುಗಳು, ಸೂರ್ಯ ಮುಳುಗುವ ಹೊತ್ತಿನ ಬಣ್ಣ. ತಲೆಯ ಮೇಲೆ ಪೇಟೆಯ ಸಮಿತಿ ಕೊಟ್ಟ ಹಸಿರು ಫಲಕ: ಇಲ್ಲಿ ಹೇಳಿದ ಮೀನೇ ಸಿಗುತ್ತದೆ. ಸುಳ್ಳು ಹೆಸರಿನಲ್ಲಿ ಮೀನು ಮಾರಿ ಸಿಕ್ಕಿಬಿದ್ದವರ ಫಲಕ ಇಳಿಯುತ್ತದೆ, ಅಂಗಡಿ ಹಿಂದಿನ ಸಾಲಿಗೆ, ಚರಂಡಿಯ ಪಕ್ಕಕ್ಕೆ ಹೋಗುತ್ತದೆ. ಅತ್ತೆ ದಿನಾ ಬೆಳಗ್ಗೆ ಮೀನಿಗಿಂತ ಮೊದಲು ಆ ಫಲಕ ಒರೆಸುತ್ತಿದ್ದರು.

ಎದುರಂಗಡಿಯಲ್ಲಿ ಕೂರುತ್ತಿದ್ದವಳನ್ನು ಅತ್ತೆ ಪಟ್ಟೆರಾಣಿ ಎಂದು ಕರೆಯುತ್ತಿದ್ದರು. ಅವಳ ಬುಟ್ಟಿಯಲ್ಲಿ ಅಂಗೈಯುದ್ದದ ಪಟ್ಟೆಮೀನು. ಬಿಳಿ ಮೈಗೆ ಕಡುಗೆಂಪು ಪಟ್ಟೆ, ಬಹಳ ಅಗ್ಗ. ಪಕ್ಕದಲ್ಲಿ ಯಾವ ಗುಂಪಿಗೂ ಸೇರದ ಬೆರಕೆ ಮೀನಿನ ಬುಟ್ಟಿ. ಇಬ್ಬರೂ ಒಂದು ಕಾಲದಲ್ಲಿ ಒಂದೇ ಲೋಟದಲ್ಲಿ ಚಹಾ ಹಂಚಿಕೊಂಡವರು. ಒಮ್ಮೆ ಅತ್ತೆ ಗಿರಾಕಿಯ ಮುಂದೆ, "ಪಟ್ಟೆಮೀನಾ? ಅದನ್ನ ಮನುಷ್ಯರು ತಿಂತಾರಾ?" ಎಂದರಂತೆ. ಅಂದಿನಿಂದ ಎಣ್ಣೆ ಸೀಗೆಕಾಯಿ.

*

ಆ ಸಲ ಸಮಿತಿಯವರು ಸುತ್ತಲಿನ ಪೇಟೆಗಳದನ್ನೂ ಸೇರಿಸಿ ತಪಾಸಣೆಗೆ ಕಳಿಸಿದ ಪೊಟ್ಟಣಗಳು ಎಂದಿನಂತೆ ಅಂಗಡಿಯ ಗುರುತಿಲ್ಲದೆ, ಬರೀ ನಂಬರು ಮತ್ತು ಮಾರಿದ ಮೀನಿನ ಹೆಸರು ಹೊತ್ತು ಬಂದಿದ್ದವು. ಕತ್ತರಿಯಕ್ಕ ಒಂದೊಂದರಿಂದ ಅಕ್ಕಿಕಾಳು ಮಾಂಸ ತೆಗೆದು ಕೆಲಸ ಮುಗಿಸಿದಳು. ಅಕ್ಷರಗಳು ಬಂದವು, ಜೋಡಿಗಳು ಸಿಕ್ಕವು. ಎಲ್ಲ ಸರಿಯಿತ್ತು, ಒಂದನ್ನು ಬಿಟ್ಟು. ಆ ಪೊಟ್ಟಣದ ಮೇಲೆ ಕೆಂಪುಮೀನು ಎಂದಿತ್ತು. ಕಂಪ್ಯೂಟರ್ ಮಾತ್ರ ಪಟ್ಟೆಮೀನು ಎಂದಿತು. ಅದೂ ಹೆಚ್ಚುಕಡಿಮೆ ನೂರಕ್ಕೆ ನೂರು.

ಮತ್ತೆ ಮಾಂಸ ತೆಗೆಯೋಣವೆಂದು ಅವಳು ಫ್ರೀಜರಿನಿಂದ ಉಳಿದ ತುಂಡನ್ನು ಹೊರಗಿಟ್ಟಳು. ಮೇಲಿನ ಹಿಮ ಕರಗಿ, ಕತ್ತಿ ಬಿದ್ದ ಅಂಚು ಕಂಡಿತು. ಎಲ್ಲರ ತುಂಡೂ ಬಲಕ್ಕೆ ವಾಲಿರುತ್ತದೆ. ಇದು ಎಡಕ್ಕೆ ವಾಲಿತ್ತು. ಅವಳು ಕಂಡ ಮೀನಿನವರಲ್ಲಿ ಎಡಗೈಯಲ್ಲಿ ಕತ್ತಿ ಹಿಡಿಯುವವರು ಒಬ್ಬರೇ. ಅವಳ ಮನೆಯಲ್ಲಿ ದಿನಾ ಈರುಳ್ಳಿಯೂ ಎಡಕ್ಕೇ ವಾಲುತ್ತಿತ್ತು.

ಕೈಗವಸು ಬಿಚ್ಚಿಟ್ಟು ನೇರ ಮೇಡಂ ಕೋಣೆಗೆ ಹೋದಳು.

"ಮೇಡಂ, ಆ ಪೊಟ್ಟಣ ನಮ್ಮತ್ತೇದು."

ಮೇಡಂ ಕನ್ನಡಕ ತೆಗೆದರು. "ನಂಬರು ಹಾಕಿ ಕೊಟ್ಟಿರೋದು ನಿನಗೆ ಗೊತ್ತಾಗಬಾರದು ಅಂತ."

"ತುಂಡು ನೋಡಿ ಗೊತ್ತಾಯ್ತು. ನಾನು ಸುಮ್ಮನಿದ್ದಿದ್ರೆ ತಪ್ಪಾಗ್ತಿತ್ತು."

"ತಪ್ಪಾಗ್ತಿತ್ತು," ಎಂದರು ಮೇಡಂ. ಅವರು ಕೋಪದವರಲ್ಲ, ಕರಗುವವರೂ ಅಲ್ಲ. "ಇನ್ನು ಆ ಪೊಟ್ಟಣ ನಿನ್ನ ಕೈಗಿಲ್ಲ, ನಾನೇ ಮಾಡ್ತೀನಿ. ಮನೇಲಿ ತುಟಿ ಬಿಚ್ಚಬೇಡ. ಶನಿವಾರ ವರದಿ ಹೋಗಬೇಕು."

ಮೇಡಂ ಮಾಡಿದರೂ ಅದೇ ಅಕ್ಷರ, ಅದೇ ಹೆಸರು. ಕತ್ತರಿಯಕ್ಕನ ಮುಖ ಬಾಡಿದ್ದು ನೋಡಿ ಅವರೇ ಹೇಳಿದರು: "ಅಕ್ಷರ ಸರಿ ಇದೆ, ಅದರಲ್ಲಿ ಅನುಮಾನ ಇಲ್ಲ. ಹೆಸರು ಸರಿ ಇದೆಯಾ? ಅದು ಯಾರೋ ಅಂಟಿಸಿದ್ದು. ಮೂಲ ಪರೀಕ್ಷಿಸೋದು ಎಲ್ಲಾ ಪೊಟ್ಟಣಕ್ಕೂ ಮಾಡೋ ಕೆಲಸ, ಅದನ್ನ ನೀನು ಮಾಡಬಹುದು. ಆದ್ರೆ ಅತ್ತೆಗೋಸ್ಕರ ಮಾಡಬೇಡ. ಮೀನಿಗೋಸ್ಕರ ಮಾಡು."

ಅಪ್ಪ ಯಾರ ಅಂಗಿ ಕೈಗೆ ಬಂದರೂ ಮೊದಲು ಒಳಮೈ ತಿರುಗಿಸಿ ಹೊಲಿಗೆ ನೋಡುತ್ತಿದ್ದರು. ಅವಳೂ ಭಂಡಾರವನ್ನು ಹಾಗೇ ತಿರುವಿ ಹಾಕಿದಳು. ಒಂದೊಂದು ಹೆಸರಿನ ಹಿಂದೆ ಯಾರು ಕಳಿಸಿದ್ದು, ಎಲ್ಲಿಂದ ತಂದದ್ದು, ಚಿತ್ರ ಉಂಟೋ ಇಲ್ಲವೋ. ಹೋದ ವರ್ಷ ಅತ್ತೆಯ ಮೀನಿಗೆ ಕೆಂಪುಮೀನು ಎಂದೇ ಉತ್ತರ ಬಂದಿತ್ತಲ್ಲ, ಈಗೇನಾಯಿತು? ಬೇಗನೇ ಗೊತ್ತಾಯಿತು. ಆಗ ಭಂಡಾರದಲ್ಲಿ ಈ ಸಾಲಿಗೆ ಇದ್ದದ್ದು ಒಂದೇ ಒಂದು ಮೀನು, ಕೆಂಪುಮೀನಿನ ಹೆಸರಿನದು. ಈಚೆಗೆ ದೂರದ ಲ್ಯಾಬೊಂದು ಪಟ್ಟೆಮೀನಿನ ಹೆಸರಲ್ಲಿ ರಾಶಿ ರಾಶಿ ಸುರಿದಿತ್ತು. ಎರಡಕ್ಕೂ ಅಕ್ಷರ ಒಂದೇ. ಬಹುಮತ ಕಂಡ ಕಡೆ ಕಂಪ್ಯೂಟರ್ ಕೈಯೆತ್ತಿತ್ತು, ಅಷ್ಟೇ.

ಅವಳು ಚಿತ್ರಗಳನ್ನು ಒಂದೊಂದಾಗಿ ತೆರೆದಳು. ಪಟ್ಟೆಮೀನು, ಪಟ್ಟೆಮೀನು, ಪಟ್ಟೆಮೀನು. ಪಕ್ಕದಲ್ಲಿಟ್ಟ ಅಳತೆಪಟ್ಟಿಯ ಮೇಲೆ ಎಲ್ಲವೂ ಅಂಗೈಯುದ್ದ. ಒಂದೂ ದೊಡ್ಡದಿಲ್ಲ. ಕೆಂಪುಮೀನು ನೋಡಿದಳು. ತೊಡೆಯುದ್ದ. ಬೇರೆ ಕಡೆಯೂ ಹುಡುಕಿದಳು, ಒಂದೂ ಚಿಕ್ಕದಿಲ್ಲ.

ಇಷ್ಟು ದೊಡ್ಡ ಲೋಕದಲ್ಲಿ ಮುದಿ ಪಟ್ಟೆಮೀನನ್ನು ಯಾರೂ ಕಂಡಿರಲಿಲ್ಲ. ಮರಿ ಕೆಂಪುಮೀನನ್ನೂ ಯಾರೂ ಕಂಡಿರಲಿಲ್ಲ. ಕೆಳಗೆ ಯಾರೋ ಮಂಜುಗಡ್ಡೆ ಒಡೆಯುತ್ತಿದ್ದರು. ಅವಳಿಗೆ ತನ್ನ ಬಾಲ್ಯದ ಗೀಟುಗೀಟಿನ ಲಂಗವೊಂದು ಯಾಕೋ ನೆನಪಾಯಿತು. ಅದನ್ನು ಬಿಟ್ಟು ಅವಳು ದೊಡ್ಡವಳಾದದ್ದು ಯಾವ ದಿನವೋ ಗೊತ್ತಿರಲಿಲ್ಲ.

*

"ಅತ್ತೆ, ಕೆಂಪುಮೀನಿನ ಮರಿ ಹೇಗಿರುತ್ತೆ?" ಎಂದು ಸಂಜೆ ಊಟದ ಹೊತ್ತಿಗೆ ಸುಮ್ಮನೆ ಎಂಬಂತೆ ಕೇಳಿದಳು.

"ಕೆಂಪಗೆ."

"ನೋಡಿದ್ದೀರಾ?"

"ನೋಡೋದೇನಿದೆ? ಅದು ಮರ್ಯಾದಸ್ತ ಮೀನು. ಮರಿಗಳನ್ನ ಆಳದಲ್ಲಿ ಇಟ್ಕೊಂಡು ಸಾಕುತ್ತೆ. ಸಿಕ್ಕಸಿಕ್ಕ ಬಲೆಗೆ ಬೀಳೋಕೆ ಅದೇನು ಪಟ್ಟೆಮೀನಾ?"

"ಪಟ್ಟೆಮೀನು ದೊಡ್ಡದಾದ್ರೆ ಹೇಗಿರುತ್ತೆ?"

ಅತ್ತೆಯ ಕೈಯಲ್ಲಿದ್ದ ಸೌಟು ನಿಂತಿತು. "ನಮ್ಮನೇಲಿ ಆ ಹೆಸರು ಯಾಕೆ ಬರ್ತಿದೆ?"

ಶಾಲಾ ವ್ಯಾನು ಓಡಿಸುವ ಗಂಡ ತಟ್ಟೆಯಿಂದ ತಲೆಯೆತ್ತದೆ, "ಅಮ್ಮ, ಅವಳಿಗೆ ಮೀನಿನ ಮನೆತನ ವಿಚಾರಿಸೋದೇ ಕೆಲಸ. ನನ್ನ ಮದುವೆ ಆಗೋವಾಗ ಇಷ್ಟು ವಿಚಾರಿಸಿದ್ರೆ ನಾನು ಇನ್ನೂ ಬ್ರಹ್ಮಚಾರಿ," ಎಂದ. ಅತ್ತೆ ನಕ್ಕರು. ಮಾತು ಹೇಗೋ ದಾಟಿತು.

ಮಾರನೇ ದಿನ ಅವಳು ತನ್ನ ಊಹೆ ಹೇಳಿದಾಗ ಮೇಡಂ ಬೆರಳಿನಿಂದ ಮೇಜು ತಟ್ಟಿದರು. ಅವರ ಕಣ್ಣು ಹೊಳೆಯಿತು, ಆದರೆ ಮಾತು ಬಿಗಿಯಾಗಿಯೇ ಇತ್ತು. "ಚೆನ್ನಾಗಿದೆ. ಆದ್ರೆ ಹತ್ತಿರದ ಎರಡು ಜಾತಿಗಳಿಗೆ ಕೆಲವು ಸಲ ಈ ಸಾಲು ಒಂದೇ ಇರುತ್ತೆ. ಅಕ್ಷರ ಒಂದೇ ಅಂತ ಮೀನು ಒಂದೇ ಅನ್ನೋಕಾಗಲ್ಲ. ನನಗೆ ಮೈ ಬೇಕು. ತಲೆಯಿಂದ ಬಾಲದವರೆಗೆ ಪೂರ್ತಿ ಮೀನು. ಚಿಕ್ಕದು, ದೊಡ್ಡದು, ಮಧ್ಯದ್ದು. ಬಟ್ಟೆ ಬದಲಾಯಿಸ್ತಾ ಇರೋವಾಗಲೇ ಹಿಡೀಬೇಕು."

"ನಮ್ಮ ಪೇಟೇಲಿ ದೊಡ್ಡದು ಅತ್ತೆ ಹತ್ರ ಮಾತ್ರ ಸಿಗೋದು. ನನಗೆ ಬಾಲದ ಚೂರೂ ಕೊಟ್ಟಿಲ್ಲ."

"ಕೊಟ್ಟಿದ್ರೆ ನಮ್ಮ ಗೂಡಲ್ಲೇ ಕೆಂಪುಮೀನು ಇರ್ತಿತ್ತು, ಇವತ್ತು ಈ ಗೋಳೂ ಇರ್ತಿರಲಿಲ್ಲ," ಎಂದರು ಮೇಡಂ. "ದೊಡ್ಡದನ್ನ ನಾನೇ ಗಿರಾಕಿ ಆಗಿ ತರ್ತೀನಿ. ಮಧ್ಯದ್ದು ನಿನಗೆ ಬಿಟ್ಟಿದ್ದು."

ಮಧ್ಯದ್ದು ಎಲ್ಲಿರುತ್ತದೆಂದು ಅವಳಿಗೆ ಹೊಳೆಯಲು ತಡವಾಗಲಿಲ್ಲ. ದಡದಲ್ಲಿ ಮೀನು ವಿಂಗಡಿಸುವವರು ಪಟ್ಟೆ ಇದ್ದದ್ದನ್ನು ಅಗ್ಗದ ಬುಟ್ಟಿಗೆ, ಕೆಂಪನ್ನು ದುಬಾರಿ ಬುಟ್ಟಿಗೆ ಎಸೆಯುತ್ತಾರೆ. ಅದೂ ಅಲ್ಲದ, ಇದೂ ಅಲ್ಲದ ಮೀನು? ಅದು ಬೆರಕೆ ಬುಟ್ಟಿಗೆ. ಬೆರಕೆ ಬುಟ್ಟಿ ಇದ್ದದ್ದು ಅತ್ತೆಯ ಅಂಗಡಿಯ ಎದುರಿಗೇ, ಪಟ್ಟೆರಾಣಿಯ ಮಡಿಲಲ್ಲಿ.

ಅತ್ತೆ ಚಹಾಕ್ಕೆ ಹೋಗುವ ಹೊತ್ತು ನೋಡಿಕೊಂಡೇ ಅವಳು ಹೋದಳು.

"ಬಾರಮ್ಮಾ ಬಾ!" ಪಟ್ಟೆರಾಣಿ ಪೇಟೆಗೆಲ್ಲ ಕೇಳುವ ಹಾಗೆ ಸ್ವಾಗತಿಸಿದಳು. "ದಾರಿ ತಪ್ಪಿತಾ? ನಿಮ್ಮತ್ತೆ ಅರಮನೆ ಆ ಕಡೆ."

"ಮೆಲ್ಲಗೆ ಮಾತಾಡಿ ಚಿಕ್ಕಮ್ಮಾ. ಆ ಬುಟ್ಟೀಲಿ ಪಟ್ಟೆ ಮಾಸಿದ ಮೀನು ಏನಾದ್ರೂ ಇದೆಯಾ?"

"ಬಣ್ಣ ಬಿಟ್ಟಿದ್ದೇ ಬೇಕಾ? ಒಳ್ಳೇ ಗಿರಾಕಿ ನೀನು. ಕೈ ಹಾಕು, ಹುಡುಕ್ಕೋ."

ಅವಳು ಮೊಣಕೈವರೆಗೆ ಕೈ ಇಳಿಸಿದಳು. ಏಡಿ, ಸಿಗಡಿ, ಹೆಸರಿಲ್ಲದ ಬೆಳ್ಳಿ ಚೂರುಗಳು. ತಳದಲ್ಲಿ ಮೊಣಕೈಯುದ್ದದ ಒಂದು ಮೀನು ಸಿಕ್ಕಿತು. ಮೈ ತಿಳಿಗೆಂಪು. ಪಕ್ಕೆಯ ಮೇಲೆ ತೊಳೆದು ತೊಳೆದು ಮಾಸಿದ ಬಟ್ಟೆಯಲ್ಲಿ ಉಳಿದಂಥ ಪಟ್ಟೆ, ಇದೆಯೋ ಇಲ್ಲವೋ ಎಂಬಷ್ಟು. ಅವಳು ಅದನ್ನು ಎರಡೂ ಕೈಯಲ್ಲಿ ಬೆಳಕಿಗೆ ಹಿಡಿದಳು.

"ಏನೇ ಇದು?"

ಅತ್ತೆ. ಕೈಯಲ್ಲಿ ಚಹಾ ಲೋಟ, ಕಣ್ಣಲ್ಲಿ ಕೆಂಡ.

"ಅದು... ಲ್ಯಾಬಿಗೆ, ಅತ್ತೆ."

"ನನ್ನ ಕಣ್ಣೆದುರಿಗೇ ಇವಳ ಬುಟ್ಟಿಗೆ ಕೈ ಹಾಕಿದ್ದೀಯಲ್ಲೇ! ನನ್ನ ಅಂಗಡೀಲಿ ಮೀನಿಲ್ವಾ?"

"ನಿಮ್ಮ ಮೀನು ಮುಟ್ಟಬೇಡ ಅಂದಿದ್ರಲ್ಲ."

"ಮುಟ್ಟಬೇಡ ಅಂದ್ರೆ ಇವಳದ್ದು ಮುಟ್ಟು ಅಂತ ಅರ್ಥಾನಾ?"

"ಸೊಸೆಗೆ ರುಚಿ ಗೊತ್ತು ಬಿಡಕ್ಕಾ," ಎಂದಳು ಪಟ್ಟೆರಾಣಿ, ಬುಟ್ಟಿಗೆ ನೀರು ಚಿಮುಕಿಸುತ್ತ.

ಅಲ್ಲಿಂದ ಮುಂದೆ ಮನೆಯಲ್ಲಿ ಮೌನ. ಅತ್ತೆ ಸೊಸೆಗೆ ಹೇಳಬೇಕಾದ್ದನ್ನೆಲ್ಲ ಮಗನಿಗೆ ಹೇಳುತ್ತಿದ್ದರು. "ಉಪ್ಪು ಬೇಕಾದ್ರೆ ಎದುರಂಗಡಿಯಿಂದ ತರಿಸ್ಕೊಳ್ಳೋಕೆ ಹೇಳೋ." ಗಂಡ ಉಪ್ಪಿನ ಡಬ್ಬಿಯನ್ನು ಅತ್ತಿಂದಿತ್ತ ದಾಟಿಸುತ್ತ, "ನಾನು ಶಾಲಾ ವ್ಯಾನಿನಲ್ಲೂ ಇದೇ ಕೆಲಸ ಮಾಡೋದು," ಎಂದು ಗೊಣಗುತ್ತಿದ್ದ. ಅವಳಿಗೆ ಎಲ್ಲ ಹೇಳಿಬಿಡೋಣ ಎಂದು ನಾಲಿಗೆಯ ತುದಿಗೆ ಬರುತ್ತಿತ್ತು. ಅತ್ತೆ, ನಿಮ್ಮ ಫಲಕ ಒಂದು ಕೂದಲಿನಲ್ಲಿ ನೇತಾಡುತ್ತಿದೆ. ಹೇಳುವ ಹಾಗಿರಲಿಲ್ಲ. ಬೆಳಗ್ಗೆ ಪೇಟೆಯ ಮುಂದೆ ಹಾದು ಹೋಗುವಾಗ, ಅತ್ತೆ ಸ್ಟೂಲಿನ ಮೇಲೆ ಹತ್ತಿ ಸೆರಗಿನಿಂದ ಅದೇ ಫಲಕ ಒರೆಸುವುದು ಕಂಡು ಬೇಗಬೇಗ ನಡೆದುಬಿಟ್ಟಳು.

*

ಶುಕ್ರವಾರ ಮಧ್ಯಾಹ್ನ ಲ್ಯಾಬಿನ ಸ್ಟೀಲ್ ಮೇಜಿನ ಮೇಲೆ ಮೂರು ಮೀನು ಸಾಲಾಗಿ ಮಲಗಿದ್ದವು. ಅಂಗೈಯುದ್ದದ್ದು, ಪಟ್ಟೆ ಎದ್ದು ಕಾಣುವಂಥದು. ಮೊಣಕೈಯುದ್ದದ್ದು, ಮಾಸಿದ್ದು. ಮೇಡಂ ಪೂರ್ತಿ ಬೆಲೆ ತೆತ್ತು ತಂದ ತೊಡೆಯುದ್ದದ ಕೆಂಪುಮೀನು. ("ನಿಮ್ಮತ್ತೆ ಒಂದು ಪೈಸೆ ಬಿಡಲಿಲ್ಲ," ಎಂದರು ಮೇಡಂ, ಸ್ವಲ್ಪ ಮೆಚ್ಚುಗೆಯಿಂದಲೇ.) ಚಿತ್ರ ತೆಗೆದಾಗಿತ್ತು. ಮೇಡಂ ಬೆನ್ನಿನ ಮುಳ್ಳು, ಪಕ್ಕೆಯ ಹುರುಪೆ, ಹಲ್ಲಿನ ಸಾಲು ಎಲ್ಲ ಎಣಿಸಿ ಹೋಲಿಸಿದ್ದರು. ಮೂರರದ್ದೂ ಒಂದೇ ಎಣಿಕೆ. ಕಂಪ್ಯೂಟರಿಗೆ ಬಂದು ಬಿದ್ದ ಮೂರು ಸಾಲುಗಳನ್ನು ಒಂದರ ಕೆಳಗೊಂದು ಇಟ್ಟಾಗ, ಒಂದೇ ಥಾನಿನಿಂದ ಕತ್ತರಿಸಿದ ಬಟ್ಟೆಯಂತೆ ಅಕ್ಷರಕ್ಕೆ ಅಕ್ಷರ ಕೂತಿತು.

"ಅಪ್ಪ, ಮಗ, ಮೊಮ್ಮಗ," ಎಂದಳು ಕತ್ತರಿಯಕ್ಕ.

"ಮೂವರಲ್ಲ. ಒಬ್ಬನೇ, ಮೂರು ವಯಸ್ಸಲ್ಲಿ," ಎಂದರು ಮೇಡಂ. "ಆ ಲ್ಯಾಬಿನವರದ್ದೂ ದೊಡ್ಡ ತಪ್ಪಲ್ಲ. ಪೇಟೇಲಿ ಏನು ಕರೆದರೋ ಅದನ್ನೇ ನಂಬಿ ಅಂಟಿಸಿದ್ದಾರೆ. ಒಂದು ಪತ್ರ ಬರಿ, ಚಿತ್ರಾನೂ ಕಳಿಸು."

ಶನಿವಾರ ವರದಿ ಹೋಯಿತು. ಕೆಂಪುಮೀನೆಂದು ಮಾರಿದ್ದು ಕೆಂಪುಮೀನೇ. ಅತ್ತೆಯ ಫಲಕ ಅಲ್ಲಾಡಲಿಲ್ಲ. ಆದರೆ ಸಮಿತಿಯವರು ಗಿರಾಕಿಗಳಿಗೂ ತಿಳಿಯಲಿ ಎಂದು ವರದಿಯ ಕೊನೆಯ ಮಾತನ್ನು ಮೂರು ಮೀನಿನ ಚಿತ್ರದ ಸಮೇತ, ಅತ್ತೆಯ ಅಂಗಡಿಯ ಪಕ್ಕದಲ್ಲೇ ಇದ್ದ ಪೇಟೆಯ ಬಾಗಿಲಲ್ಲಿ ಅಂಟಿಸಿಬಿಟ್ಟರು: ಪಟ್ಟೆಮೀನು ಬೇರೆ ಜಾತಿಯಲ್ಲ, ಕೆಂಪುಮೀನಿನ ಮರಿ.

ಓದಿದ ಅತ್ತೆ ಅಲ್ಲೇ ನಿಂತುಬಿಟ್ಟರು. ಸೊಸೆಯ ಜೊತೆ ಮಾತು ಬಿಟ್ಟಿದ್ದೇನೆಂಬುದೂ ಮರೆತುಹೋಯಿತು.

"ನನ್ನ ಕೆಂಪುಮೀನು... ಇವಳ ಬುಟ್ಟೀದಾ?"

"ಚಿಕ್ಕದಿದ್ದಾಗ, ಅತ್ತೆ."

"ಸುಳ್ಳು!"

"ಇದು ಸುಳ್ಳಾದ್ರೆ ನಿಮ್ಮ ಫಲಕಾನೂ ಸುಳ್ಳಾಗುತ್ತೆ. ನಿಮ್ಮ ತುಂಡಿಗೆ ಕಂಪ್ಯೂಟರು ಪಟ್ಟೆಮೀನು ಅಂತ ಹೆಸರು ಹೇಳಿತ್ತು. ಎರಡೂ ಒಂದೇ ಅಂತ ತೋರಿಸದೆ ಇದ್ದಿದ್ರೆ ನೀವೀಗ ಚರಂಡಿ ಪಕ್ಕ ಕೂತಿರಬೇಕಿತ್ತು. ಅದಕ್ಕೇ ನಾನು ಆ ಬುಟ್ಟಿಗೆ ಕೈ ಹಾಕಿದ್ದು."

ಅತ್ತೆ ಸೊಸೆಯ ಮುಖವನ್ನು ಬಹಳ ದಿನಗಳ ಮೇಲೆ ನೋಡುವವರ ಹಾಗೆ ನೋಡಿದರು. ಅಷ್ಟರಲ್ಲಿ ಎದುರಿನಿಂದ ದನಿ ಬಂತು.

"ಅಕ್ಕಾ, ಮನುಷ್ಯರು ತಿಂತಾರಾ ಅಂದಿದ್ದೆಯಲ್ಲ? ನನ್ನ ಮಕ್ಕಳನ್ನೇ ದೊಡ್ಡವರಾದ ಮೇಲೆ ನೀನು ಮಾರ್ತಿದ್ದೀಯ. ಇಷ್ಟು ವರ್ಷದ ನನ್ನ ಪಾಲು ಯಾವಾಗ ಕೊಡ್ತೀಯಾ?"

ಪೇಟೆಯೆಲ್ಲ ಕಿವಿ ನಿಮಿರಿಸಿತು. ಕಾಲು ಕೆರೆದು ಜಗಳಕ್ಕಿಳಿಯುವ ಅತ್ತೆ ಈಗ ಏನು ಎಸೆಯುತ್ತಾರೋ ಎಂದು ಪಕ್ಕದಂಗಡಿಯವರು ತಕ್ಕಡಿಯನ್ನು ಒಳಗೆ ಎಳೆದುಕೊಂಡರು.

"ಮರಿಗಳನ್ನ ಹೀಗೆ ಬುಟ್ಟಿಗಟ್ಟಲೆ ಮಾರ್ತಿದ್ರೆ," ಎಂದರು ಅತ್ತೆ ಕೊನೆಗೆ, "ನಾಳೆ ದೊಡ್ಡವು ಎಲ್ಲಿಂದ ಬರುತ್ತವೆ? ನನ್ನ ಹೊಟ್ಟೆ ಮೇಲೆ ಕೂತಿದ್ದೀಯಲ್ಲೇ ಇಷ್ಟು ವರ್ಷ!"

ಪಟ್ಟೆರಾಣಿ ನಗುವುದನ್ನು ನಿಲ್ಲಿಸಿದಳು. ತನ್ನ ಬುಟ್ಟಿಯನ್ನೊಮ್ಮೆ ನೋಡಿಕೊಂಡಳು. "ಅದು ಹೌದಲ್ಲಾ..." ಎಂದಳು ಮೆಲ್ಲಗೆ.

ಆಮೇಲೆ ಏನಾಯಿತೆಂದರೆ, ಏನೂ ಆಗಲಿಲ್ಲ. ಇಬ್ಬರೂ ಮತ್ತೆ ಒಂದೇ ಲೋಟದಲ್ಲಿ ಚಹಾ ಕುಡಿಯಲಿಲ್ಲ. ಲೋಟ ಬೇರೆ, ಆದರೆ ಚಹಾ ತರುವವನಿಗೆ ಒಂದೇ ಸಲ ಕೂಗತೊಡಗಿದರು. ಪಟ್ಟೆಮೀನಿನ ಬುಟ್ಟಿ ಸಣ್ಣದಾಯಿತು. ತೀರಾ ಚಿಕ್ಕವನ್ನು ಜೀವ ಇರುವಾಗಲೇ ನೀರಿಗೆ ಬಿಡಬೇಕೆಂದು ಇಬ್ಬರೂ ಸೇರಿ ವಿಂಗಡಿಸುವವರ ಜೊತೆ ಒಂದು ದಿನ ಜಗಳ ಮಾಡಿ ಬಂದರಂತೆ. ಆ ಜಗಳದಲ್ಲಿ ಯಾರ ದನಿ ದೊಡ್ಡದಿತ್ತು ಎಂಬುದರ ಮೇಲೆ ಅವರಿಬ್ಬರಿಗೂ ಮತ್ತೆ ಜಗಳ. ದೂರದ ಲ್ಯಾಬಿನವರು ಉತ್ತರ ಬರೆದು ಹೆಸರು ತಿದ್ದಿದರು. ಪೂರ್ತಿ ಮೀನಿನ ಚಿತ್ರ ಕಳಿಸಿದ್ದಕ್ಕೆ ವಂದನೆ ಎಂದಿದ್ದರು.

ಮುಂದಿನ ವಾರ ಕತ್ತರಿಯಕ್ಕ ಎಂದಿನಂತೆ ಚೀಲ ಏರಿಸಿ ಅಂಗಡಿ ಸುತ್ತುತ್ತ, ಅತ್ತೆಯ ಅಂಗಡಿಯ ಮುಂದೆ ಎಂದಿನಂತೆ ನಿಲ್ಲದೆ ದಾಟಿದಳು.

"ಏಯ್, ಎಲ್ಲಿಗೆ?" ಎಂದರು ಅತ್ತೆ.

ಮಂಜಿನ ಮೇಲಿದ್ದ ಕೆಂಪುಮೀನುಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಎಡಗೈಯಿಂದ ಎತ್ತಿ, ಬಾಲವನ್ನು ಬೀಸಣಿಗೆಯಂತೆ ಅಗಲಿಸಿ ಅವಳ ಮುಂದೆ ಹಿಡಿದರು. ಬಿಸಿಲು ಅದರ ಮೂಲಕ ತಿಳಿಗೆಂಪಾಗಿ ಇಳಿಯಿತು.

"ಹೂಂ. ತುದಿಯಿಂದ ತಗೋ. ನೀಟಾಗಿ ಕತ್ತರಿಸು, ಇಲಿ ಕಚ್ಚಿದ ಹಾಗೆ ಕಾಣಬಾರದು." ಮತ್ತೆ ದನಿ ತಗ್ಗಿಸಿ, "ಆ ಕತ್ತರಿ ಮೊದಲು ಒರೆಸೇ. ಎದುರಂಗಡಿ ಎಂಜಲು ನನ್ನ ಮೀನಿಗೆ ತಾಗೋದು ಬೇಡ."

ಅವಳು ಕತ್ತರಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಬೆಂಕಿಗೆ ಹಿಡಿದಳು. ಅದು ಆರುವವರೆಗೆ ಅತ್ತೆ ಬಾಲ ಬಿಡದೆ ಹಿಡಿದುಕೊಂಡೇ ಕಾದರು.